ಒಂದು ಸೇರು ತೌಡಿನ ನಾಮಧೇಯ

ಮೊನ್ನೆ ಬ್ಯಾಂಕಿನಲ್ಲಿ ಒಂದು ಅರ್ಜಿ ಕೊಟ್ಟರು. ಅದರಲ್ಲಿ ಮೂರು ಸಾಲು ಚೌಕದ ಮನೆಗಳು. ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು. ಒಂದೊಂದು ಮನೆಯಲ್ಲಿ ಒಂದೊಂದೇ ಅಕ್ಷರ ಸಂಸಾರ ಹೂಡಬೇಕು. ನಾನು ನನ್ನ ಹೆಸರನ್ನೆಲ್ಲ ಮೊದಲ ಸಾಲಿನಲ್ಲೇ ಕೂರಿಸಿ, ಉಳಿದ ಎರಡು ಬೀದಿಯನ್ನು ಖಾಲಿ ಬಿಟ್ಟು, ಕಿಟಕಿಯೊಳಗೆ ತಳ್ಳಿದೆ. ಒಳಗಿದ್ದ ಹುಡುಗಿ, "ಸಾರ್, ಕೊನೆಯ ಹೆಸರು ಕಡ್ಡಾಯ" ಎಂದಳು. ಕೊನೆಯದು ಯಾವುದು ಅಂತ ಬದುಕಿರುವಾಗಲೇ ಹೇಗಮ್ಮ ಹೇಳೋದು ಎಂದೆ. ಆಕೆ ನಗಲಿಲ್ಲ. ನಗುವುದು ಆಕೆಯ ಕೌಂಟರಿನ ಕೆಲಸವಲ್ಲ. "ಇಲ್ಲದಿದ್ರೆ ಒಂದು ಚುಕ್ಕಿ ಇಡಿ ಸಾರ್, ಕಂಪ್ಯೂಟರ್ ತಗೊಳ್ಳುತ್ತೆ" ಎಂದಳು. ಇಟ್ಟೆ. ಹೀಗೆ ನನ್ನ ಇಡೀ ವಂಶ ಆ ಬ್ಯಾಂಕಿನಲ್ಲಿ ಈಗ ಒಂದು ಚುಕ್ಕಿಯಾಗಿದೆ.

ನಮ್ಮ ನಾಗಮಂಗಲದ ಸೀಮೆಯಲ್ಲಿ ಮನೆತನದ ಹೆಸರು ಎಂಬ ಪದಾರ್ಥ ಬೆಳೆಯುವುದಿಲ್ಲ. ಅಡ್ಡಹೆಸರು ಎಂದರೆ ನಮ್ಮಲ್ಲಿ ಬೇರೆಯೇ ಅರ್ಥ. ನಮ್ಮೂರಲ್ಲಿ ಐದು ಜನ ಸಿದ್ದೇಗೌಡರಿದ್ದರು. ಗುರುತಿಗಾಗಿ ಒಬ್ಬ ಬಾವಿ ಸಿದ್ದ, ಒಬ್ಬ ಹಲ್ಲು ಸಿದ್ದ, ಒಬ್ಬ ಕೋರ್ಟು ಸಿದ್ದ, ಒಬ್ಬ ಸುಮ್ಮನೆ ಸಿದ್ದ. ಐದನೆಯವನ ಅಡ್ಡಹೆಸರು ಅಚ್ಚುಮಾಡಲು ಯೋಗ್ಯವಾದದ್ದಲ್ಲ. ಅಂಚೆಯವನು ಆತನ ಕಾಗದ ಬಂದಾಗ ಬೀದಿಯಲ್ಲಿ ಕೂಗಲಾರದೆ ಮನೆಯೊಳಗೆ ಹೋಗಿ ಕೊಟ್ಟು ಬರುತ್ತಿದ್ದ.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ನನ್ನ ಹೆಸರು ಹೇಳುವ ಗಳಿಗೆಯನ್ನು ಮುಂದಕ್ಕೆ ತಳ್ಳುವುದಕ್ಕೆ. ಇನ್ನು ತಳ್ಳಲಾಗದು. ನನ್ನ ಹೆಸರು ತೌಡಾಚಾರಿ.

ನಾನು ಆಚಾರಿಯಲ್ಲ. ದೇವಲಾಪುರದ ಕಡೆಯ ಒಂದು ಹಳ್ಳಿಯ ಬೇಸಾಯಗಾರ ಗೌಡರ ಮಗ. ಸುತ್ತಿಗೆ ಹಿಡಿದರೆ ಮೊಳೆಯನ್ನು ಬಿಟ್ಟು ಹೆಬ್ಬೆರಳಿಗೆ ಹೊಡೆದುಕೊಳ್ಳುವವನು. ನನಗಿಂತ ಮುಂಚೆ ಅವ್ವನಿಗೆ ಎರಡು ಮಕ್ಕಳಾಗಿ ಎರಡೂ ಉಳಿಯಲಿಲ್ಲ. ಅಂಥ ಮನೆಗಳಲ್ಲಿ ಹೆಸರಿಡುವುದು ನಾವು ಕೂಗುವುದಕ್ಕಿಂತ ಹೆಚ್ಚಾಗಿ ಜವರಾಯ ಕೂಗದೇ ಇರಲಿ ಎಂದು. ಚೆಂದದ ಹೆಸರಿಟ್ಟರೆ ಅವನ ಕಣ್ಣು ಬೀಳುತ್ತದೆ. ಅದಕ್ಕೇ ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪ ಎನ್ನುತ್ತಾರೆ. ಕಲ್ಲಿನ ಹಾಗೆ ಬಿದ್ದಿರಲಿ ಎಂದು ಗುಂಡ ಎನ್ನುತ್ತಾರೆ. ಎಲ್ಲಕ್ಕಿಂತ ಭದ್ರವಾದ ಉಪಾಯವೆಂದರೆ, ಮಕ್ಕಳೆಲ್ಲ ಉಳಿದಿರುವ ಬೇರೊಂದು ಮನೆಯವಳಿಗೆ ಮಗುವನ್ನು ತೌಡಿಗೆ ಮಾರಿಬಿಡುವುದು.

ನನ್ನಜ್ಜಿ ನನ್ನನ್ನು ಮೊರದಲ್ಲಿ ಮಲಗಿಸಿಕೊಂಡು ಊರ ಕುಲುಮೆಗೆ ಹೋದಳು. ಕಮ್ಮಾರ ಕೆಂಪಾಚಾರಿಯ ಹೆಂಡತಿ ದೇವೀರಮ್ಮನಿಗೆ ನಾಲ್ಕು ಮಕ್ಕಳು, ನಾಲ್ಕೂ ಗಟ್ಟಿ. ಅದೇ ಆಕೆಯ ಅರ್ಹತೆ. ನನ್ನನ್ನು ಆಕೆಯ ಮಡಿಲಿಗೆ ಹಾಕಿ, ಬದಲಿಗೆ ಒಂದು ಸೇರು ತೌಡು ಈಸಿಕೊಂಡು, ಅದನ್ನು ಎಮ್ಮೆಗೆ ಹಾಕಿದರು. ಆಮೇಲೆ, ಕಮ್ಮಾರರ ಮಗುವನ್ನು ಸಾಕಿಕೊಡುವ ಉಪಕಾರಾರ್ಥವಾಗಿ ನನ್ನನ್ನು ಮನೆಗೆ ತಂದರು. ಇನ್ನು ಜವರಾಯ ಪಟ್ಟಿ ಹಿಡಿದು ಬಂದರೆ ಗೌಡರ ಮನೆಯಲ್ಲಿ ಗೌಡರ ಮಗು ಇಲ್ಲ, ಕುಲುಮೆಯಲ್ಲಿ ತೊಟ್ಟಿಲೇ ಇಲ್ಲ. ಮೂರು ಲೋಕದ ಸಾವನ್ನು ನಿಭಾಯಿಸುವ ಇಲಾಖೆ ಒಂದು ಸೇರು ತೌಡಿಗೆ ಏಮಾರಿತು. ಬೇಕಾದರೆ ನಾನೇ ಸಾಕ್ಷಿ, ಇನ್ನೂ ಇದ್ದೇನೆ.

ಹೀಗಾಗಿ ನನಗೆ ಇಬ್ಬರು ತಾಯಂದಿರು. ಹೆತ್ತವಳು ಅವ್ವ. ಕೊಂಡವಳು ಕುಲುಮೆಯವ್ವ. ಹೊಡೆಯುವ ಅಧಿಕಾರ ಇಬ್ಬರಿಗೂ ಇತ್ತು, ಕುಲುಮೆಯವ್ವನ ಕೈ ಭಾರ.

ಶಾಲೆಗೆ ಸೇರಿಸಬೇಕಾದ ದಿನ ಅಪ್ಪ ರಾಗಿ ಬಿತ್ತನೆಗೆ ಹೋಗಿದ್ದ, ಅವ್ವ ಬುತ್ತಿ ಹೊತ್ತು ಹೋಗಿದ್ದಳು. ಕುಲುಮೆಯವ್ವ ನನ್ನನ್ನು ಎತ್ತಿಕೊಂಡು ಹೋದಳು. ಹೆಡ್‌ಮೇಷ್ಟ್ರು ಹೊಸಬರು.

"ಯಾರ ಮಗನಮ್ಮ ಇವನು?"

"ನನ್ ಮಗ ಕಣ್ ಸ್ವಾಮಿ. ತೌಡು ಕೊಟ್ಟು ತಗೊಂಡಿವ್ನಿ."

"ಹೆಸರು?"

"ತೌಡ."

"ನಿಮ್ಮ ಯಜಮಾನರು?"

"ಕೆಂಪಾಚಾರ್ರು."

ಮೇಷ್ಟ್ರು ವ್ಯಾಕರಣದ ಮನುಷ್ಯ. ತೌಡ ಎಂದಿತ್ತು, ಆಚಾರಿ ಎಂದಿತ್ತು, ಎರಡಕ್ಕೂ ಸವರ್ಣದೀರ್ಘ ಸಂಧಿ ಮಾಡಿ ತೌಡಾಚಾರಿ ಎಂದು ದಪ್ಪಕ್ಷರದಲ್ಲಿ ಬರೆದರು. ತೌಡು ಅಚ್ಚ ಕನ್ನಡದ ಪದಾರ್ಥ, ಅದಕ್ಕೆ ಸಂಸ್ಕೃತದ ಸಂಧಿ ಕೂಡದು ಎಂದು ಮುಂದೆ ಅವರೇ ನಮಗೆ ಪಾಠ ಹೇಳಿದರು. ಆದರೆ ದಾಖಲಾತಿ ಪುಸ್ತಕ ವ್ಯಾಕರಣ ಕೇಳುವುದಿಲ್ಲ. ಹತ್ತನೇ ತರಗತಿಯ ಅಂಕಪಟ್ಟಿ ಬಂದಾಗ ನಾನು ಅದನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ, "ಬದುಕವ್ನಲ್ಲ, ಬುಡು" ಎಂದ. ಅವ್ವ ಮಾತ್ರ, "ಆ ಎಸ್ರ ಯಾರೂ ಮುಟ್ಬ್ಯಾಡಿ" ಎಂದಳು. ಎರಡು ಮಕ್ಕಳನ್ನು ಮಣ್ಣಿಗೆ ಕೊಟ್ಟವಳು. ಹೆಸರು ಕಳಚಿದರೆ ಮಗನೂ ಕಳಚಿಕೊಳ್ಳುತ್ತಾನೆಂದು ಆಕೆಗೆ ಖಾತ್ರಿ.

ಆಮೇಲೆ ನನಗೆ ಶ್ರೀರಂಗಪಟ್ಟಣದ ಒಂದು ಕಚೇರಿಯಲ್ಲಿ ಗುಮಾಸ್ತೆಯ ಕೆಲಸವಾಯಿತು. ವಿಭಾಗ: ಜನನ ಮತ್ತು ಮರಣ. ಜವರಾಯನಿಗೆ ಟೋಪಿ ಹಾಕಿ ಉಳಿದವನನ್ನು ಸರ್ಕಾರ ಕರೆದು ಅವನದೇ ಇಲಾಖೆಯಲ್ಲಿ ಕೂರಿಸಿತು. ಪಕ್ಕದ ಮೇಜಿನಲ್ಲಿ ಧಾರವಾಡದ ಕಡೆಯಿಂದ ವರ್ಗವಾಗಿ ಬಂದಿದ್ದ ಒಬ್ಬರಿದ್ದರು, ಮನೆತನದ ಹೆಸರು ಮೆಣಸಿನಕಾಯಿ. ನನಗೆ ಮನೆತನದ ಹೆಸರಿಲ್ಲವೆಂದು ಕೇಳಿ ಅವರಿಗೆ ಮರುಕವಾಯಿತು.

"ಇಲ್ಲಂದ್ರ ಹ್ಯಾಂಗ್ರೀ? ನಿಮ್ಮ ಹಿರೇರು ಏನರೆ ಮಾಡಿರಬೇಕಲ್ರೀ?"

"ಬೇಸಾಯ ಮಾಡಿದ್ರು."

"ನಮ್ಮೋರು ಮೆಣಸಿನಕಾಯಿ ಮಾರಿದ್ರು ನೋಡ್ರಿ, ಹೆಸರು ನಿಂತೇತಿ."

ನಮ್ಮೋರು ಮಾರಿದ್ದು ನನ್ನನ್ನು, ಅದಕ್ಕೂ ಹೆಸರು ನಿಂತಿದೆ ಎಂದು ಹೇಳಬೇಕೆನ್ನಿಸಿತು. ಆ ಮಹಾನುಭಾವರಿಗೆ ಖಾರದ ಪದಾರ್ಥ ಮುಟ್ಟಿದರೆ ಹೊಟ್ಟೆ ಉರಿ. ಮನೆಯಿಂದ ಮೊಸರನ್ನವನ್ನೇ ತರುತ್ತಿದ್ದರು.

ಒಂದು ಸಲ ಇಂಗ್ಲೆಂಡಿನಿಂದ ಒಬ್ಬ ದೊರೆ ಕಚೇರಿಗೆ ಬಂದ. ಅವನ ಮುತ್ತಾತನ ಮುತ್ತಾತ ಇಲ್ಲಿಯ ಕೋಟೆ ಕಾಳಗದಲ್ಲಿ ಸತ್ತನಂತೆ, ಮರಣದ ದಾಖಲೆ ಬೇಕಂತೆ. ನಮ್ಮ ಪುಸ್ತಕ ಅಷ್ಟು ಹಿಂದಕ್ಕೆ ಹೋಗುವುದಿಲ್ಲವೆಂದೆ. ಆ ಮುತ್ತಾತ ಬಂದದ್ದು ಗುಂಡು ಹಾರಿಸಲು, ಸತ್ತದ್ದನ್ನು ನೋಂದಾಯಿಸಲು ಯಾರೂ ಅರ್ಜಿ ಕೊಟ್ಟಿರಲಾರರು. ಸತ್ತವನ ಹೆಸರು ಕೇಳಿದೆ. ಸ್ಮಿತ್ ಎಂದ. ನಿಮ್ಮ ಹೆಸರು ಎಂದೆ. ಅದೂ ಸ್ಮಿತ್. ಹಾಗೆಂದರೆ ಏನರ್ಥ ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ವಿಚಾರಿಸಿದೆ. ದೊರೆ ಕೈಯಲ್ಲಿ ಇಲ್ಲದ ಸುತ್ತಿಗೆ ಎತ್ತಿ ಇಲ್ಲದ ಕಬ್ಬಿಣವನ್ನು ಎರಡು ಸಲ ಬಡಿದು ತೋರಿಸಿದ. ಅಂದರೆ ಆಚಾರಿ. ಕಬ್ಬಿಣದ ಕೆಲಸ ಬರುತ್ತದೆಯೋ ಎಂದೆ. ಇಲ್ಲವಂತೆ, ಹಲ್ಲಿನ ವೈದ್ಯನಂತೆ. ಮದುವೆಯಾಗಿದೆಯೋ ಎಂದೆ. ಆಗಿದೆಯಂತೆ. ಹೆಣ್ಣಿನ ಕಡೆಯವರು ನೀನು ಕಮ್ಮಾರನೋ ಎಂದು ಕೇಳಲಿಲ್ಲವೋ ಎಂದೆ. ದೊರೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎಂಥ ಸುಖೀ ದೇಶ ಎಂದುಕೊಂಡೆ.

ನನಗೆ ಅರ್ಥವಾಗುತ್ತಿತ್ತು, ಏಕೆಂದರೆ ಆಗ ನನಗೆ ಹೆಣ್ಣು ನೋಡುತ್ತಿದ್ದರು. ತೊಂಬತ್ತರ ದಶಕದ ನಡುಭಾಗ, ವಯಸ್ಸು ಮೂವತ್ತಕ್ಕೆ ಬಂದಿತ್ತು. ಗೌಡರು ನನ್ನ ಹೆಸರು ಕೇಳಿ "ನಮ್ಮೋರಲ್ಲ" ಎನ್ನುತ್ತಿದ್ದರು. ಹೆಸರು ನೋಡಿ ಹುಡುಕಿಕೊಂಡು ಬಂದ ಆಚಾರ್ರು ಅಪ್ಪನ ಹೆಸರು ಕೇಳಿ "ನಮ್ಮೋರಲ್ಲ" ಎನ್ನುತ್ತಿದ್ದರು. ಎರಡು ಜಾತಿಯವರೂ ಕೂಡಿ ಬಹಿಷ್ಕರಿಸುವ ಗೌರವ ಎಲ್ಲರಿಗೂ ಸಿಗುವುದಿಲ್ಲ.

ಕಡೆಗೆ ಬೂಕನಕೆರೆಯ ಒಂದು ಮನೆಯವರು ಬಂದು ನೋಡಿ ಎಂದರು. ಹೆಣ್ಣಿನ ತಂದೆಯ ಹೆಸರು ಜವರಪ್ಪ. ಜವರಪ್ಪ ಎಂದರೆ ಬೇರೆ ಯಾರೂ ಅಲ್ಲ, ಜವರಾಯನೇ. ಯಾರ ಕಣ್ಣು ತಪ್ಪಿಸಲು ನನ್ನನ್ನು ಮಾರಿದ್ದರೋ, ಆತನೇ ಮಗಳನ್ನು ಕೊಡಲು ಚಾಪೆ ಹಾಸಿ ಕೂತಿದ್ದ. ಅವ್ವ ಬಸ್ಸಿನಲ್ಲಿ ಆ ಹೆಸರು ಕೇಳಿದಾಗಿನಿಂದ ನನ್ನ ತೋಳು ಬಿಟ್ಟಿರಲಿಲ್ಲ.

"ಉಡ್ಗಿ ಎಸ್ರು ಸುಮಾ" ಎಂದ ಜವರಪ್ಪ. ಕಾಫಿ ತಂದಿದ್ದ ಹುಡುಗಿ ಆ ಮಾತಿಗೆ ತುಟಿ ಕಚ್ಚಿ ನಗು ತಡೆದುಕೊಂಡಳು. ಏಕೆಂದು ತಿಳಿಯಲಿಲ್ಲ. ಆದರೆ ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿ ಅಳುವುದನ್ನು, ಬೆವರುವುದನ್ನು, ಕಾಲ್ಬೆರಳಿಂದ ನೆಲ ಕೆರೆಯುವುದನ್ನು ಬೇಕಾದಷ್ಟು ನೋಡಿದ್ದೆ. ನಗು ತಡೆಯುವವಳನ್ನು ಕಂಡದ್ದು ಅದೇ ಮೊದಲು. ಮದುವೆಯಾದರೆ ಇವಳನ್ನೇ ಆಗಬೇಕು ಎಂದು ಆ ಗಳಿಗೆಯಲ್ಲೇ ನಿಶ್ಚಯ ಮಾಡಿಕೊಂಡೆ. ಮೂವತ್ತು ವರ್ಷ ಯಾವ ನಿಶ್ಚಯವನ್ನೂ ಮಾಡದವನಿಗೆ ಇದು ದೊಡ್ಡ ಸಾಹಸ.

ಜವರಪ್ಪ ಅಪ್ಪನ ಕಡೆ ತಿರುಗಿದ. "ಉಡ್ಗ ಒಪ್ಗೆ ಕಣ್ ಗೌಡ್ರೇ. ಗೌರ್ಮೆಂಟ್ ಕೆಲ್ಸ. ಆದ್ರೆ ಎಸ್ರು ಒಂಚೂರು ರಿಪೇರಿ ಆಗ್ಬೇಕು. ಲಗ್ನಪತ್ರಿಕೇಲಿ ಆಚಾರಿ ಅಂತ ಬಂದ್ರೆ, ಜವರಪ್ಪ ಮಗಳ್ನ ಕುಲುಮೆಗೆ ಕೊಟ್ಬುಟ್ಟ ಅಂತಾರೆ ಜನ."

"ಕುಲುಮೆಯೋರು ಒಳ್ಳೆ ಜನ" ಎಂದೆ ನಾನು.

"ಒಳ್ಳೇರೇ ಕಣಪ್ಪ, ಕುಡ್ಲು ತಟ್ಟುಸ್ಕೊಳಕ್ಕೆ."

ಯುಗಾದಿ ಕಳೆದ ಕೂಡಲೇ ಪತ್ರಿಕೆ ಅಚ್ಚಿಗೆ ಹೋಗಬೇಕು, ಅಷ್ಟರೊಳಗೆ ಹೆಸರು ಬದಲಾಗಬೇಕು, ಇಲ್ಲದಿದ್ದರೆ ಸಂಬಂಧವಿಲ್ಲ. ಮೊದಲಕ್ಷರ ಹಾಗೇ ಇರಲಿ ಎಂದು ಅವರೇ ಒಂದು ಹೆಸರನ್ನೂ ಆರಿಸಿಟ್ಟಿದ್ದರು: ತರುಣ್ ಕುಮಾರ್. ಆ ವೇಳೆಗಾಗಲೇ ನನ್ನ ಮುಂದಲೆಯ ಕೂದಲು ಒಂದೊಂದಾಗಿ ರಾಜೀನಾಮೆ ಕೊಡುತ್ತಿತ್ತು. ಆದರೂ ತರುಣನಾಗಲು ಒಪ್ಪಿದೆ.

ಅವ್ವ ಒಪ್ಪಲಿಲ್ಲ. ಊರಿಗೆ ಬಂದ ಮೇಲೆ ಕಂಬಕ್ಕೆ ಒರಗಿ ಕೂತು ಹೇಳಿದಳು. "ನಿನ್ ಮದ್ವೆಗೆ ಅಡ್ಡ ಬರಲ್ಲ ಕಣ್ ಮಗ. ಆದ್ರೆ ಆ ಎಸ್ರು ನಮ್ದಲ್ಲ. ಮಾರ್ದೋಳು ನಿಮ್ಮಜ್ಜಿ, ಸತ್ತೋದ್ಲು. ಕೊಂಡೋಳು ಇನ್ನೂ ಅವ್ಳೆ. ಅವ್ಳು ಬುಟ್ಟುಕೊಟ್ರೆ ಬದ್ಲಾಯಿಸ್ಕೊ, ಬುಡ್ದೆ ಇದ್ರೆ ನಾ ಬದ್ಲಾಯ್ಸಕ್ ಬುಡಲ್ಲ." ಯಾವ ವಕೀಲನೂ ಇದಕ್ಕಿಂತ ಸ್ಪಷ್ಟವಾಗಿ ಹಕ್ಕುದಾರಿಕೆಯನ್ನು ವಿವರಿಸಲಾರ.

ಕುಲುಮೆಯಲ್ಲಿ ಮುದುಕ ಕೆಂಪಾಚಾರಿ ನೇಗಿಲ ಗುಳ ಕಾಯಿಸುತ್ತಿದ್ದ. ಕುಲುಮೆಯವ್ವ ಪಕ್ಕದಲ್ಲಿ ಎಲೆಅಡಿಕೆ ಮೆಲ್ಲುತ್ತಿದ್ದಳು. ವಿಷಯ ಹೇಳಿದೆ.

"ಅಂಗಾರೆ ನಿನ್ನ ನೀನೇ ವಾಪಸ್ ತಗೊತೀಯ" ಎಂದಳು.

"ಊಂ ಅವ್ವ."

"ತಗೊ. ನನ್ ತೌಡು ತಂದ್ ಕೊಟ್ಬುಟ್ಟು ತಗೊ."

"ಮೂವತ್ ವರ್ಸ ಆದ್ಮೇಲೆ ವಾಪಸ್ ಮಾಡ್ಕೊಳೋ ಅಂಗ್ಡಿ ಎಲ್ಲೈತೆ ಕಣೇ?" ಎಂದ ಕೆಂಪಾಚಾರಿ, ಇಕ್ಕಳ ಬಿಡದೆ.

"ನೀವು ಸುಮ್ಕೆ ಗುಳ ನೋಡ್ಕಳಿ."

ಇಷ್ಟು ಸುಲಭವೆಂದು ಗೊತ್ತಿರಲಿಲ್ಲ. ಮುಂದಿನ ವಾರ ಪಾಂಡವಪುರದ ಅಕ್ಕಿ ಗಿರಣಿಗೆ ಹೋಗಿ ಒಂದು ಚೀಲ ತೌಡು ತಂದೆ. ಸೇರು ಕೇಳಿದವಳಿಗೆ ಚೀಲವನ್ನೇ ಕೊಟ್ಟು ನನ್ನ ಬೆಲೆ ಏರಿದೆಯೆಂದು ತೋರಿಸುವ ಹುನ್ನಾರ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಕಂಡಕ್ಟರು, "ಏನ್ ಸಾರ್, ಎಮ್ಮೆ ಕಟ್ಟಿದ್ದೀರಾ?" ಎಂದ. ಇಲ್ಲಪ್ಪ, ಹೆಣ್ಣು ನೋಡ್ತಾ ಇದ್ದೀನಿ ಎಂದೆ. ಆತ ಟಿಕೆಟು ಹರಿದು ಕೊಟ್ಟು ಮುಂದಿನ ಸೀಟಿಗೆ ಹೋದವನು ದೇವಲಾಪುರದವರೆಗೆ ನನ್ನ ಕಡೆ ತಿರುಗಲಿಲ್ಲ.

ಕುಲುಮೆಯವ್ವ ಚೀಲಕ್ಕೆ ಕೈಹಾಕಿ ಒಂದು ಹಿಡಿ ತೆಗೆದು, ಅಂಗೈಯಲ್ಲಿ ತಿಕ್ಕಿ, ಮೂಸಿ, ಮತ್ತೆ ಚೀಲಕ್ಕೇ ಉದುರಿಸಿದಳು.

"ಇದು ಮಿಲ್ ತೌಡು ಕಣ್ಲಾ. ನಾ ಕೊಟ್ಟಿದ್ದು ಒನಕೆ ತೌಡು. ಕೆರೆ ಕೆಳಗ್ಲು ಗದ್ದೆ ಭತ್ತಾವ ಕೈಯಾರ ಕುಟ್ಟಿ ಕೇರಿದ್ದು. ಅದ್ನ ತತ್ತಾ."

ಊರಿನಲ್ಲಿ ಯಾರೂ ಭತ್ತ ಕುಟ್ಟುವುದನ್ನು ಬಿಟ್ಟು ವರ್ಷಗಳಾಗಿದ್ದವು. ಒನಕೆ ಇದ್ದರೆ ಅದು ಮದುವೆ ಮನೆಯ ಪೂಜೆಗೆ, ಅರಿಸಿನ ಹಚ್ಚಿಸಿಕೊಳ್ಳಲು. ನನಗೆ ಸಿಟ್ಟು ಬಂತು. "ಬೇಕೂ ಅಂತ ಇಂಗ್ ಮಾಡ್ತಿದ್ದೀಯ ನೀನು" ಎಂದೆ.

"ಊಂ ಕಣ್ಲಾ. ಬೇಕೂ ಅಂತ್ಲೇ" ಎಂದಳು. ಬೆಂಕಿಯ ಕಡೆ ನೋಡುತ್ತ ಹೇಳಿದಳು. "ಅವತ್ತು ನಿಮ್ಮಜ್ಜಿ ಮೊರ ತಂದಾಗ ನೀನು ಅಳ್ತಾನೂ ಇರ್ನಿಲ್ಲ. ಅಳಕ್ಕೆ ಉಸ್ರು ಎಲ್ಲಿತ್ತು? ಊರೋರೆಲ್ಲ ಇದೂ ಓಯ್ತದೆ ಅಂದ್ರು. ಓಗೋ ಮಗೀನ ತಗೊಂಡು ಮಡ್ಲಾಗೆ ಆಕ್ಕಂಡೋಳು ನಾನು. ಈಗ ಯಾವನೋ ಬಂದು ಕುಲುಮೆ ಎಸ್ರು ನಾರ್ತದೆ ಅಂದ್ರೆ, ಬುಟ್ಕೊಟ್ಬುಡ್ಲಾ?"

ತೌಡಿನ ಚೀಲವನ್ನು ಅವರ ಹಸುವಿಗೆ ಎಂದು ಬಿಟ್ಟು ಎದ್ದು ಬಂದೆ. ಬೂಕನಕೆರೆಗೆ ಒಂದು ಕಾಗದ ಬರೆದೆ: ತಕ್ಕ ತೌಡು ದೊರೆಯದಿರುವ ಕಾರಣ ಹೆಸರು ಬದಲಾಯಿಸಲು ಸಾಧ್ಯವಾಗುತ್ತಿಲ್ಲ, ದಯಮಾಡಿ ಕ್ಷಮಿಸಬೇಕು. ಜವರಪ್ಪ ಅದನ್ನು ನಾಲ್ಕು ಸಲ ಓದಿಸಿಕೊಂಡನಂತೆ. ಆಮೇಲೆ, ಬೇರೆ ಕಡೆ ನೋಡಿಕೊಳ್ಳಿ ಎಂದು ಹೇಳಿಕಳಿಸಿದ. ನಾನು ಕಚೇರಿಗೆ ಹೋಗಿ, ಊರವರೆಲ್ಲ ಹುಟ್ಟಿದ್ದನ್ನು ಸತ್ತದ್ದನ್ನು ಎಂದಿನಂತೆ ಬರೆಯತೊಡಗಿದೆ. ಮದುವೆಯಾಗುವುದನ್ನು ಬರೆಯುವ ಪುಸ್ತಕ ಪುಣ್ಯಕ್ಕೆ ಬೇರೆ ಮೇಜಿನಲ್ಲಿತ್ತು.

ಯುಗಾದಿಗೆ ಎರಡು ವಾರವಿರುವಾಗ ನನ್ನ ಮೇಜಿನ ಮುಂದೆ ಒಬ್ಬಳು ಬಂದು ನಿಂತಳು. ತಲೆಯೆತ್ತಿದರೆ ಬೂಕನಕೆರೆಯ ಹುಡುಗಿ. ಅವಳ ದೊಡ್ಡಕ್ಕನನ್ನು ಪಕ್ಕದ ಬಾಬುರಾಯನಕೊಪ್ಪಲಿಗೆ ಕೊಟ್ಟಿದ್ದರು. ಅಕ್ಕನಿಗೆ ಮಗುವಾಗಿತ್ತು, ಅದನ್ನು ಬರೆಸಲು ಬಂದಿದ್ದಳು. ಕಾಯಿದೆಯ ಹಿಂದೆ ಅಡಗಿಕೊಳ್ಳುವುದು ಗುಮಾಸ್ತೆಯ ಸಹಜ ಧರ್ಮ. ನಮೂನೆ ತೆಗೆದು ಮುಖ ನೋಡದೆ ಬರೆಯತೊಡಗಿದೆ.

"ಮಗುವಿನ ಹೆಸರು?"

"ಇನ್ನೂ ಇಟ್ಟಿಲ್ಲ. ಇಟ್ಮೇಲೆ ಬದ್ಲಾಯ್ಸು ಅಂತ ಯಾರಾರ ಬಂದಾರು ಅಂತ ಕಾಯ್ತಾವ್ರೆ."

ಪಕ್ಕದ ಮೇಜಿನಲ್ಲಿ ಮೆಣಸಿನಕಾಯಿ ಕೆಮ್ಮಿದರು.

"ಮಾಹಿತಿ ಕೊಟ್ಟವರು ಇಲ್ಲಿ ರುಜು ಹಾಕಬೇಕು" ಎಂದೆ. ಅವಳು ಹಾಕಿದಳು. ಓದಿದೆ. ಮತ್ತೊಮ್ಮೆ ಓದಿದೆ. ಸಾಕಮ್ಮ ಎಂದಿತ್ತು.

"ಸುಮಾ ಅಂದಿದ್ರಲ್ಲ ನಿಮ್ಮಪ್ಪ?"

"ಸುಮಾ ನನ್ ತಂಗಿ. ನಾನು ಮೂರ್ನೇ ಎಣ್ಣು. ಎಣ್ಣು ಸಾಕು ದೇವ್ರೇ ಅಂತ ನಂಗೆ ಈ ಎಸ್ರು ಇಟ್ರು. ದೇವ್ರಿಗೆ ಕೇಳ್ಸಿಲ್ಲ, ಅವ್ಳೂ ಉಟ್ಟುದ್ಲು. ನೀವು ನೋಡಕ್ಕೆ ಬತ್ತೀರಿ ಅಂದಾಗ ಅಪ್ಪ ಅವ್ಳ ಎಸ್ರ ನಂಗೆ ಎರವಲು ಕೊಡ್ಸಿದ್ರು."

ಆ ದಿನ ಅವಳು ಕಚ್ಚಿ ಹಿಡಿದ ನಗು ಯಾವುದೆಂದು ಗೊತ್ತಾಯಿತು. ನನ್ನನ್ನು ಉಳಿಸಿಕೊಳ್ಳುವುದಕ್ಕೆ ಒಂದು ಹೆಸರಿಟ್ಟಿದ್ದರು, ಇವಳಂಥವರು ಇನ್ನು ಬರದಿರಲಿ ಎಂದು ಇನ್ನೊಂದು. ತಮಾಷೆ ಮಾಡುವ ಬದಲು ರಸೀದಿ ಚೀಟಿ ಬರೆದು ಅವಳ ಮುಂದಿಟ್ಟೆ.

"ಆ ತೌಡಿನ ಕಾಗದ ನಾನೇ ಅಪ್ಪಂಗೆ ಓದಿದ್ದು" ಎಂದಳು ಅವಳು. "ನೀವು ಸುಮ್ಕೆ ತರುಣ್ ಕುಮಾರ್ ಆಗ್ಬುಡಬೋದಾಗಿತ್ತು. ಯಾಕಾಗ್ನಿಲ್ಲ?"

"ಕುಲುಮೆಯವ್ವ ಬಿಡಲಿಲ್ಲ."

"ನೀವು?"

"ನಾನೂ ಬಿಡಲಿಲ್ಲ ಅಂತ ಕಾಣುತ್ತೆ" ಎಂದೆ. ಹೇಳಿದ ಮೇಲೆಯೇ ಅದು ನಿಜವೆಂದು ನನಗೂ ತಿಳಿದದ್ದು.

ಅವಳು ಚೀಟಿ ತೆಗೆದುಕೊಂಡು ಹೋದಳು. ಬೂಕನಕೆರೆಗೆ ಹೋಗಿ ಅಪ್ಪನ ಮುಂದೆ ಕೇಳಿದ್ದು ಒಂದೇ ಪ್ರಶ್ನೆಯಂತೆ: ಈಗ ಪತ್ರಿಕೆಯಲ್ಲಿ ಸುಮಾ ಅಂತ ಹಾಕಿಸಿದರೆ, ನಾಳೆ ಸುಮಾಳ ಮದುವೆಗೆ 'ಜವರಪ್ಪ ಒಬ್ಬಳೇ ಮಗಳನ್ನ ಎರಡು ಸಲ ಧಾರೆ ಎರೆದ' ಅಂತ ನೆಂಟರು ಅನ್ನುವುದಿಲ್ಲವೇ? ಬೇರೆ ಯಾವ ಗಂಡಿಗೆ ತೋರಿಸಿದರೂ ಸುಮಾ ಅಂತಲೇ ತೋರಿಸಬೇಕು, ಸಾಕಮ್ಮ ಎಂದು ತಿಳಿದಿರುವ ಗಂಡು ನಾನೊಬ್ಬನೇ; ಕುಲುಮೆಗೆ ಕೊಟ್ಟ ಅಪವಾದವನ್ನಾದರೂ ಹೊರಬಹುದು, ಇದನ್ನು ಹೊರುವುದು ಹೇಗೆ? ಜವರಪ್ಪ ಮೂರು ದಿನ ಊಟ ಸರಿಯಾಗಿ ಮಾಡದೆ, ನಾಲ್ಕನೆಯ ದಿನ ಹೆಗಲ ಮೇಲಿನ ಟವೆಲ್ಲು ಕೊಡವಿಕೊಂಡು ನನ್ನ ಕಚೇರಿಗೆ ಬಂದ. "ಎಸ್ರು ಇದ್ದಂಗೇ ಇರ್ಲಿ. ಪಕ್ಕದಾಗೆ ಕಂಸ ಆಕ್ಸಿ ಗೌಡರು ಅಂತ ಬರುಸ್ತೀನಿ" ಎಂದ. ಅಚ್ಚಿನವನು ಕಂಸ ಮರೆತ. ಪತ್ರಿಕೆಯಲ್ಲಿ ನಾನು ತೌಡಾಚಾರಿ ಗೌಡರು. ಓದಿದವರೆಲ್ಲ ಇದು ಯಾವುದೋ ದೊಡ್ಡ ಮನೆತನವಿರಬೇಕು ಎಂದುಕೊಂಡರು.

ಮದುವೆ ಮುಗಿಸಿ ಹೆಣ್ಣನ್ನು ಕರೆದುಕೊಂಡು ಊರಿಗೆ ಬಂದೆವು. ಹೊಸ್ತಿಲಲ್ಲಿ ಗಂಡು ಹೆಣ್ಣನ್ನು ತಡೆದು ಒಬ್ಬರ ಹೆಸರನ್ನು ಒಬ್ಬರಿಂದ ಹೇಳಿಸುವುದು ನಮ್ಮಲ್ಲಿಯ ಪದ್ಧತಿ. ಅವ್ವ ಆರತಿ ತಟ್ಟೆ ಹಿಡಿದು ಒಳಗೆ ನಿಂತಿದ್ದಳು. ಬಾಗಿಲಿಗೆ ಎರಡು ಕೈಯನ್ನೂ ಅಡ್ಡ ಹಿಡಿದು ನಿಂತವಳು ಕುಲುಮೆಯವ್ವ. ಆಕೆಗೆ ಓದು ಬರದು, ಪತ್ರಿಕೆ ನೋಡಿದವಳಲ್ಲ. ಹುಡುಗಿ ಸುಮಾ ಎಂದು ಯಾವಾಗಲೋ ಕೇಳಿದ್ದಷ್ಟೇ.

"ಏಳವ್ವ, ಗಂಡನ ಎಸ್ರು."

ಹುಡುಗಿ ತಲೆ ತಗ್ಗಿಸಿಕೊಂಡೇ, ಆದರೆ ಹಿಂದೆ ನಿಂತ ತನ್ನಪ್ಪನಿಗೂ ಕೇಳುವ ಹಾಗೆ, "ತೌಡಾಚಾರಿ" ಎಂದಳು. ಕುಲುಮೆಯವ್ವ ಸಾವರಿಸಿಕೊಂಡು ನನ್ನ ಕಡೆ ತಿರುಗಿದಳು.

"ನೀ ಏಳ್ಲಾ."

"ಸಾಕಮ್ಮ" ಎಂದೆ.

"ಸಾಕು ಅಂದ್ರೆ ಬುಟ್ಬುಡ್ತೀವಾ? ಏಳು."

"ಸಾಕಮ್ಮ."

"ಏನ್ಲಾ ಸಾಕು? ತಾಳಿ ಕಟ್ಟಿ ಒಂದಿನ ಆಗಿಲ್ಲ, ಆಗ್ಲೇ ಸಾಕಾಗೋದ್ಲಾ?"

ಹೆಂಗಸರೆಲ್ಲ ಗೊಳ್ಳೆಂದರು. ನಾನು ಮೂರನೆಯ ಸಲ ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಹೆಂಡತಿ ಈ ಸಲ ನಗು ತಡೆಯದೆ, ಮುಖವೆತ್ತಿ ಕುಲುಮೆಯವ್ವನನ್ನೇ ನೋಡಿ ಹೇಳಿದಳು.

"ನಿಮ್ಮಗ ಸರ್ಯಾಗೇ ಏಳ್ತಾವ್ರೆ ಕಣತ್ತೆ. ಅದು ನನ್ನೆಸ್ರು."

ಆರತಿ ತಟ್ಟೆ ಹಿಡಿದ ಅತ್ತೆ ಒಳಗೇ ಇದ್ದಳು. ಕುಲುಮೆಯವ್ವ ಒಂದು ಸಲ ಒಳಗೆ ನೋಡಿದಳು, ಒಂದು ಸಲ ಇವಳನ್ನು ನೋಡಿದಳು, ಆಮೇಲೆ ಬಾಗಿಲಿನಿಂದ ಕೈ ತೆಗೆದಳು.